ಕನ್ನಡ ಬರಹಕ್ಕೆ ಬಣ್ಣ ಹಾಕುವುದಾದರೆ ಸ್ಟೈಲ್‌ನಲ್ಲೇ ಹಾಕಿ

ಇಂಗ್ಲಿಷ್‌ನಲ್ಲಿ ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಇಟಾಲಿಕ್ ಮಾಡಿದರೆ ಆಯಿತು. ಕನ್ನಡದಲ್ಲಿ ಅದು ಒಪ್ಪುವುದಿಲ್ಲ. ನಮ್ಮ ಹೆಚ್ಚಿನ ಫಾಂಟ್‌ಗಳಲ್ಲಿ ಇಟಾಲಿಕ್ ಇಲ್ಲವೇ ಇಲ್ಲ, ಹಾಗಾಗಿ ಸಾಫ್ಟ್‌ವೇರ್ ದುಂಡಗಿನ ಅಕ್ಷರಗಳನ್ನು ಸುಮ್ನೆ ಓರೆ ಮಾಡಿ ಇಡುತ್ತದೆ. ಅಡಿಗೆರೆ ಹಾಕಿದರೆ ಇನ್ನೂ ಕಷ್ಟ. ‘ರಾಷ್ಟ್ರ’, ‘ಶಾಸ್ತ್ರ’ ಅಂತ ಬರೆದು ನೋಡಿ, ಗೆರೆ ಒತ್ತಕ್ಷರವನ್ನು ಸೀಳಿಕೊಂಡು ಹೋಗುತ್ತದೆ. ಉಳಿಯುವುದು ಬೋಲ್ಡ್ ಮತ್ತು ಬಣ್ಣ. ನನ್ನ ಮತ ಬಣ್ಣಕ್ಕೆ.

ನಮ್ಮ ಬಡಾವಣೆಯ ರಾಜ್ಯೋತ್ಸವ ಸಂಚಿಕೆಯನ್ನು ನಾನು ಉಚಿತವಾಗಿ ಸಿಗುವ ಬರವಣಿಗೆ ತಂತ್ರಾಂಶ ಲಿಬ್ರೆಆಫೀಸ್ ರೈಟರ್‌ನಲ್ಲಿ ಜೋಡಿಸುತ್ತೇನೆ. ಅದರಲ್ಲಿ ಎಫ್11 ಒತ್ತಿದರೆ ಬಲಗಡೆ ಸ್ಟೈಲ್‌ಗಳ ಪಟ್ಟಿ ತೆರೆಯುತ್ತದೆ. ಸ್ಟೈಲ್ ಅಂದರೆ ಬಣ್ಣ, ಫಾಂಟ್, ಅಳತೆಗಳನ್ನು ಒಂದು ಹೆಸರಿನಲ್ಲಿ ಕಟ್ಟಿಟ್ಟ ಸೆಟ್ಟಿಂಗ್. ಮೇಲಿನ ಐಕಾನ್‌ಗಳಲ್ಲಿ ಕ್ಯಾರೆಕ್ಟರ್ ಸ್ಟೈಲ್ (ಬಿಡಿ ಪದಗಳಿಗೆ ಹಾಕುವುದು) ಆರಿಸಿ, ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ’ ಕೊಡಿ. ಹೆಸರು ಕನ್ನಡದಲ್ಲೇ ಇಡಬಹುದು, ನನ್ನದು ‘ಒತ್ತುಪದ’. ಫಾಂಟ್ ಎಫೆಕ್ಟ್ಸ್ ಟ್ಯಾಬ್‌ನಲ್ಲಿ ಬಣ್ಣದ ಪಟ್ಟಿ ಇಳಿಸಿ ‘ಕಸ್ಟಮ್ ಕಲರ್’ಗೆ ಹೋಗಿ, ಹೆಕ್ಸ್ (ಬಣ್ಣದ ಸಂಕೇತ) ಅನ್ನುವ ಜಾಗದಲ್ಲಿ 800000 ಅಂತ ಟೈಪ್ ಮಾಡಿ. ಗಾಢ ಮರೂನ್ ಬರುತ್ತದೆ. ಉಪಶೀರ್ಷಿಕೆಗಳಿಗೆ ನಾನು 006400 ಬಳಸುತ್ತೇನೆ, ಅದು ಕಡು ಹಸಿರು. ಎರಡೂ ಜೆರಾಕ್ಸ್ ಮಾಡಿದಾಗಲೂ ಓದುವಷ್ಟು ಕಪ್ಪಗೆ ಬೀಳುತ್ತವೆ. ಬಾವುಟದ ಹಳದಿ ಎಷ್ಟೇ ಪ್ರೀತಿಯದಾದರೂ ಬಿಳಿ ಹಾಳೆಯ ಮೇಲೆ ಅಕ್ಷರಕ್ಕೆ ಬೇಡ, ಕಣ್ಣಿಗೇ ಕಾಣುವುದಿಲ್ಲ.

ಬಣ್ಣಕ್ಕೆ ಹೆಸರು ಕೊಟ್ಟು ಉಳಿಸಿಕೊಳ್ಳಬೇಕಾದರೆ ಪ್ಯಾರಾಗ್ರಾಫ್‌ನ ಏರಿಯಾ ಟ್ಯಾಬ್‌ನಲ್ಲಿ ‘ಕಲರ್’ ಒತ್ತಿ, ಹೆಕ್ಸ್ ಹಾಕಿ, ‘ಆ್ಯಡ್’ ಕೊಡಿ. ಆಮೇಲೆ ಅದು ‘ಕಸ್ಟಮ್’ ಪ್ಯಾಲೆಟ್ ಅನ್ನುವ ಬಣ್ಣಗಳ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಪ್ಯಾಲೆಟ್ ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ, ಫೈಲ್ ಜೊತೆ ಹೋಗುವುದಿಲ್ಲ. ಇನ್ನೊಂದು, ಪ್ಯಾಲೆಟ್‌ನಿಂದ ಆರಿಸಿ ಪದಪದಕ್ಕೂ ಕೈಯಾರೆ ಬಣ್ಣ ಹಚ್ಚಿದ್ದರೆ, ಮುದ್ರಣದ ಹಿಂದಿನ ದಿನ ಯಾರಾದರೂ ‘ಮರೂನ್ ಬೇಡ, ನೀಲಿ ಇರಲಿ’ ಅಂದಾಗ ಎಲ್ಲವನ್ನೂ ಮತ್ತೆ ಹುಡುಕಿ ಬದಲಿಸಬೇಕು. ಸ್ಟೈಲ್‌ನಲ್ಲಿ ಹಾಕಿದ್ದರೆ ಒಂದೇ ಕಡೆ ಬದಲಿಸಿದರೆ ಸಾಕು, ಅಲ್ವಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕನ್ನಡದಂಥ ಭಾಷೆಗಳಿಗೆ ಇರುವ ಒಂದು ತೊಡಕೂ ಇದೆ. ಸ್ಟೈಲ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಕದಲುವುದೇ ಇಲ್ಲ ಅಂತ ಜಾಸ್ತಿ ಜನ ಕೇಳುತ್ತಾರೆ. ಲಿಬ್ರೆಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’, ಅಂದರೆ ಸಿಟಿಎಲ್ ಗುಂಪಿನಲ್ಲಿ ಇಟ್ಟಿದೆ. ಅಕ್ಷರಗಳು ಒಂದಕ್ಕೊಂದು ಕೂಡಿ ಆಕಾರ ಬದಲಿಸುವ ಲಿಪಿಗಳ ಗುಂಪು ಅದು. ಫಾಂಟ್ ಟ್ಯಾಬ್‌ನಲ್ಲಿ ‘ವೆಸ್ಟರ್ನ್’ ಭಾಗ ಇಂಗ್ಲಿಷ್‌ಗೆ, ಸಿಟಿಎಲ್ ಭಾಗ ಕನ್ನಡಕ್ಕೆ. ಅಳತೆ ಮತ್ತು ಬೋಲ್ಡ್ ಕೂಡ ಅಲ್ಲೇ ಬೇರೆಯಾಗಿ ಕೊಡಬೇಕು. ನಾನು ಅಲ್ಲಿ ನೋಟೋ ಸೆರಿಫ್ ಕನ್ನಡ ಇಡುತ್ತೇನೆ. ಆ ಭಾಗವೇ ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್‌ನಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಸಿಟಿಎಲ್‌ಗೆ ಟಿಕ್ ಹಾಕಿ. ಸಾಲಿನ ಅಂತರಕ್ಕೆ ‘ಫಿಕ್ಸೆಡ್’ ಬೇಡ, ‘ಪ್ರೊಪೋರ್ಷನಲ್’ನಲ್ಲಿ 130% ಕೊಡಿ, ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಬೇರೆಯವರು ಕಳಿಸಿದ ಲೇಖನಗಳಲ್ಲಿ ಕೈಯಾರೆ ಮಾಡಿದ ಬೋಲ್ಡ್, ಬಣ್ಣ ತುಂಬಿರುತ್ತದೆ. ಅದು ನಿಮ್ಮ ಸ್ಟೈಲ್‌ ಅನ್ನು ಮೀರಿ ಕೂರುತ್ತದೆ. ಎಲ್ಲ ಆಯ್ಕೆ ಮಾಡಿ ಕಂಟ್ರೋಲ್+ಎಂ ಒತ್ತಿದರೆ ಅದು ಹೋಗುತ್ತದೆ, ಆಮೇಲೆ ನಿಮ್ಮ ಸ್ಟೈಲ್ ಹಾಕಿ. ಎಲ್ಲ ಸರಿಬಂದ ಮೇಲೆ ಫೈಲ್ ಮೆನುವಿನ ಟೆಂಪ್ಲೇಟ್ಸ್‌ನಲ್ಲಿ ‘ಸೇವ್ ಆ್ಯಸ್ ಟೆಂಪ್ಲೇಟ್’ ಕೊಟ್ಟುಬಿಡಿ, ನಿಮ್ಮ ಸ್ಟೈಲ್‌ಗಳಿರುವ ಮಾದರಿ ಫೈಲ್ ಉಳಿಯುತ್ತದೆ. ಮುಂದಿನ ವರ್ಷ ಸಂಚಿಕೆ ಬೇರೆಯವರ ಕೈಗೆ ಹೋದರೆ ಆ ಟೆಂಪ್ಲೇಟ್ ಅವರಿಗೆ ಕೊಟ್ಟರೆ ಆಯಿತು, ಫಾಂಟ್ ಒಂದನ್ನು ಅವರ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳಲು ಹೇಳಿ.