ಫಾಕ್ಸ್ ಬಾಡಿ ಮಸ್ಟಾಂಗ್‌ಗೆ 351 ವಿಂಡ್ಸರ್: ಕಂಪ್ಯೂಟರ್ ಬಿಟ್ಟುಹೋದ ಕೆಲಸ ಯಾರು ಮಾಡಬೇಕು?

1986ರಿಂದ 1993ರವರೆಗಿನ ಫೋರ್ಡ್ ಮಸ್ಟಾಂಗ್ ಜಿಟಿಯ (ಈ ಮಾದರಿಗೇ ಫಾಕ್ಸ್ ಬಾಡಿ ಎನ್ನುತ್ತಾರೆ) 5.0 ಲೀಟರ್ ಇಂಜೆಕ್ಷನ್ ಎಂಜಿನ್ ಇಳಿಸಿ, ಅಲ್ಲಿ ಕಾರ್ಬೊರೇಟರ್ ಇರುವ, 351 ಘನ ಇಂಚಿನ ಫೋರ್ಡ್ ಎಂಜಿನ್ 351 ವಿಂಡ್ಸರ್ ಕೂರಿಸುವುದು ಅಮೆರಿಕದಲ್ಲಿ ಹಳೆಯ ರೂಢಿ. ಎರಡೂ ಒಂದೇ ಮನೆತನದ ವಿ8. ಬೋರ್ (ಸಿಲಿಂಡರಿನ ಅಗಲ) ಎರಡಕ್ಕೂ 4 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಮಾತ್ರ 3ರಿಂದ 3.5 ಇಂಚಿಗೆ ಏರುತ್ತದೆ. ಮೌಂಟ್ ಬೋಲ್ಟ್, ಬೆಲ್‌ಹೌಸಿಂಗ್ ಬೋಲ್ಟ್ ಎಲ್ಲ ಹಳೆಯ ಜಾಗಕ್ಕೇ ಬರುತ್ತವೆ. ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ, ಅಂದರೆ ಫೈರಿಂಗ್ ಆರ್ಡರ್ ಕೂಡ ಅದೇ, 1-3-7-2-6-5-4-8. ಇಷ್ಟು ನೋಡಿ ಸಲೀಸು ಅಂದುಕೊಂಡವರು ಎರಡು ಕಡೆ ಸಿಕ್ಕಿಬೀಳುತ್ತಾರೆ: ಬ್ಲಾಕ್‌ನ ಎತ್ತರದಲ್ಲಿ, ಮತ್ತು ಕಂಪ್ಯೂಟರ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳಲ್ಲಿ.

ಸ್ಪ್ಯಾನರ್ ಹಿಡಿಯುವ ಮುಂಚೆ ನಿಮ್ಮ ರಾಜ್ಯದ ನಿಯಮ ಕೇಳಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಕಡ್ಡಾಯ. ಹಾಕುವ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೇ ಇರಬೇಕು. ಈ ಬದಲಾವಣೆ ಅಲ್ಲಿ ಪಾಸಾಗುವುದಿಲ್ಲ.

ಎತ್ತರದ ಲೆಕ್ಕ ಹೀಗಿದೆ. 5.0ರ ಡೆಕ್ (ಕ್ರ್ಯಾಂಕ್ ನಡುವಿನಿಂದ ಹೆಡ್ ಕೂರುವ ಮೇಲ್ಮೈವರೆಗಿನ ಎತ್ತರ) 8.2 ಇಂಚು, 351ರದ್ದು 9.5 ಇಂಚು. ವ್ಯತ್ಯಾಸ 1.3 ಇಂಚು. ಸಿಲಿಂಡರ್‌ಗಳು 45 ಡಿಗ್ರಿ ವಾಲಿರುವುದರಿಂದ ಎರಡೂ ಹೆಡ್‌ಗಳು ಸುಮಾರು 0.9 ಇಂಚು ಮೇಲಕ್ಕೆ, ಅಷ್ಟೇ ಹೊರಕ್ಕೆ ಸರಿಯುತ್ತವೆ. ಹಾಗಾಗಿ 5.0ರ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರುವುದೇ ಇಲ್ಲ. ಹೆಡರ್‌ಗಳು (ಹೆಡ್‌ನಿಂದ ಹೊಗೆ ಒಯ್ಯುವ ಪೈಪ್‌ಗಳು) ಬೋಲ್ಟಿಗೆ ಸಿಕ್ಕರೂ ಕೆಳಗಿನ ಪೈಪಿಗೆ ಸೇರುವುದಿಲ್ಲ. ಈ ಬದಲಾವಣೆಗೆಂದೇ ಮಾಡಿದ ಹೆಡರ್ ಕೊಳ್ಳಬೇಕು. ಬಾನೆಟ್ ಮುಚ್ಚುತ್ತದೋ ಇಲ್ಲವೋ ಎಂದು ಏರ್ ಫಿಲ್ಟರ್ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು, ಮೆಲ್ಲಗೆ ಮುಚ್ಚಿ ತೆಗೆದು ನೋಡಿ. ತಗ್ಗಾದ ಇನ್‌ಟೇಕ್, ತಳ ಇಳಿದಿರುವ ಏರ್ ಕ್ಲೀನರ್ ಹಾಕಿದರೂ ಸಾಲದಿದ್ದರೆ ಉಬ್ಬಿದ ಬಾನೆಟ್ಟೇ ಗತಿ. 1995ರಲ್ಲಿ ಫೋರ್ಡ್ ತಾನೇ 351 ಹಾಕಿ 250 ಕೋಬ್ರಾ ಆರ್ ಕಾರು ಮಾಡಿದಾಗ ಅದಕ್ಕೂ ಬಾನೆಟ್ ಎತ್ತರಿಸಬೇಕಾಯಿತು.

ಆಯಿಲ್ ಪ್ಯಾನ್ ಕೂಡ ಬೇರೆ. ಮಸ್ಟಾಂಗ್‌ನ ಕ್ರಾಸ್‌ಮೆಂಬರ್ ಮತ್ತು ಸ್ಟೀರಿಂಗ್ ರ್‍ಯಾಕ್ ದಾಟುವ, ಎರಡು ಗುಂಡಿಗಳ 351 ಪ್ಯಾನ್ ಬೇಕು, ಅದಕ್ಕೆ ಹೊಂದುವ, ಆಯಿಲ್ ಹೀರುವ ಪಿಕಪ್ ಪೈಪ್ ಬೇಕು. ಪಿಕಪ್‌ನ ಬ್ರಾಕೆಟ್ ಹಿಡಿಯಲು ಮೇನ್ ಕ್ಯಾಪ್‌ನ ಒಂದು ಬೋಲ್ಟ್ ಬದಲು ಸ್ಟಡ್ ಹಾಕಬೇಕಾಗುತ್ತದೆ. ಪಿಕಪ್ ಜಾಲರಿಗೂ ಪ್ಯಾನ್ ತಳಕ್ಕೂ ನಡುವೆ ಕಾಲು ಇಂಚಿನಿಂದ 3/8 ಇಂಚು, ಅಂದರೆ 6ರಿಂದ 9 ಮಿಲಿಮೀಟರ್ ಜಾಗ ಇರಲಿ.

ಎಲ್ಲಕ್ಕಿಂತ ದುಬಾರಿ ತಪ್ಪು ಫ್ಲೈವೀಲ್‌ನದು. ಕ್ರ್ಯಾಂಕ್‌ನ ತೂಕ ಸರಿದೂಗಿಸಲು ಫ್ಲೈವೀಲ್ ಮತ್ತು ಮುಂದಿನ ಡ್ಯಾಂಪರಿನಲ್ಲಿ ಬೇಕೆಂದೇ ಒಂದು ಕಡೆ ಭಾರ ಇಟ್ಟಿರುತ್ತಾರೆ: 5.0ರವು 50 ಔನ್ಸ್-ಇಂಚಿನ ಬ್ಯಾಲೆನ್ಸಿನವು, 351ಕ್ಕೆ ಬೇಕಾದದ್ದು 28 ಔನ್ಸ್-ಇಂಚು. ಹಳೆಯ ಫ್ಲೈವೀಲ್ ತಕರಾರಿಲ್ಲದೆ ಬೋಲ್ಟ್ ಆಗುತ್ತದೆ, ಮೋಸವಾಗುವುದೇ ಅಲ್ಲಿ. ಎಂಜಿನ್ ನಡುಗುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ. 157 ಹಲ್ಲಿನ, 28 ಔನ್ಸ್‌ನ ಫ್ಲೈವೀಲ್ ಎಂದು ಸ್ಪಷ್ಟವಾಗಿ ಕೇಳಿ ತನ್ನಿ. ಈ ಕಾರಿನ ಮ್ಯಾನ್ಯುವಲ್ ಟಿ5 ಗೇರ್‌ಬಾಕ್ಸ್ 1989ರವರೆಗೆ 265 ಪೌಂಡ್-ಅಡಿ, 1990ರಿಂದ 300 ಪೌಂಡ್-ಅಡಿ ಟಾರ್ಕಿಗೆ ಮಾಡಿದ್ದು. ಚುರುಕು ಮಾಡಿದ 351 ಅದನ್ನು ಸುಲಭವಾಗಿ ಮೀರುತ್ತದೆ.

ಬೆಲ್ಟ್ ವಿಷಯದಲ್ಲಿ ಒಂದೇ ಮಾತು: 5.0ರ ಸರ್ಪೆಂಟೈನ್ ಬೆಲ್ಟ್ ವಾಟರ್ ಪಂಪನ್ನು ಉಲ್ಟಾ ತಿರುಗಿಸುತ್ತದೆ. ಹಳೆಯ ವಿ ಬೆಲ್ಟ್ ಪಂಪ್ ಬಿಟ್ಟು ಸರ್ಪೆಂಟೈನ್ ಹಾಕಿದರೆ ನೀರು ಸರಿಯಾಗಿ ಹರಿಯದೆ ಎಂಜಿನ್ ಕುದಿಯುತ್ತದೆ.

ಈಗ ಪೆಟ್ರೋಲ್. ಇಂಜೆಕ್ಷನ್ ಪಂಪ್ ಸುಮಾರು 39 ಪಿಎಸ್‌ಐ ಕೊಡುತ್ತದೆ, ಕಾರ್ಬೊರೇಟರಿಗೆ 5ರಿಂದ 7 ಸಾಕು. ಒತ್ತಡ ಹೆಚ್ಚಾದರೆ ಫ್ಲೋಟ್‌ನ ಸೂಜಿ ಎದ್ದುನಿಂತು ಪೆಟ್ರೋಲ್ ಉಕ್ಕುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ಕೆಳಗಿನ ಆಯಿಲಿಗೆ ಬೆರೆಯುತ್ತದೆ. ಬಿಸಿ ಎಂಜಿನ್ ಮೇಲೆ ಸುರಿದರೆ ಬೆಂಕಿಯೇ. ರಿಟರ್ನ್ ಲೈನ್ ಇರುವ ಬೈಪಾಸ್ ರೆಗ್ಯುಲೇಟರ್ ಹಾಕಿ, ಗೇಜ್ ನೋಡಿ 6ಕ್ಕೆ ಹಿಡಿಯಿರಿ. ರಿಟರ್ನ್ ಇಲ್ಲದ ಅಗ್ಗದ ರೆಗ್ಯುಲೇಟರ್ ಈ ಪಂಪಿಗೆ ಬೇಡ, ಪಂಪ್ ಕಾದು ಸಾಯುತ್ತದೆ. ಮೆಕ್ಯಾನಿಕಲ್ ಪಂಪ್ ಇಷ್ಟವಾದರೆ ಅದಕ್ಕೆ ಜಾಗವಿರುವ ಹಳೆಯ ಟೈಮಿಂಗ್ ಕವರ್, ಕ್ಯಾಮ್ ಮುಂದಿನ ಎಕ್ಸೆಂಟ್ರಿಕ್ ಎರಡೂ ಬೇಕು. ಆಗ ಟ್ಯಾಂಕಿನೊಳಗಿನ ಪಂಪ್ ತೆಗೆದು ಬರೀ ಪೈಪ್ ಹಾಕಿ. ನಿಂತ ಪಂಪಿನ ಮೂಲಕ ಎಳೆಸಿದರೆ ಪೆಟ್ರೋಲ್ ಸಾಲುವುದಿಲ್ಲ.

ಎಲೆಕ್ಟ್ರಿಕ್ ಪಂಪನ್ನೇ ಉಳಿಸಿಕೊಂಡವರು ಇದನ್ನು ದಯವಿಟ್ಟು ಮರೆಯಬೇಡಿ: ಎಂಜಿನ್ ನಿಂತೊಡನೆ ಪಂಪ್ ನಿಲ್ಲಿಸುತ್ತಿದ್ದುದು ಕಂಪ್ಯೂಟರ್. ಅದಿಲ್ಲದಿದ್ದರೆ ಅಪಘಾತವಾದ ಮೇಲೂ ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರಬಹುದು. ರಿಲೇಗೆ ಆಯಿಲ್ ಪ್ರೆಶರ್ ಸ್ವಿಚ್ ಜೋಡಿಸಿ, ಕಾರಿನ ಹಿಂದಿನ ಡಿಕ್ಕಿಯಲ್ಲಿರುವ, ಅಪಘಾತದ ಹೊಡೆತಕ್ಕೆ ಪಂಪಿನ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಮೂಲಕವೇ ವೈರ್ ಹಾಯಿಸಿ.

ಟೈಮಿಂಗ್, ಅಂದರೆ ಕಿಡಿ ಹೊತ್ತುವ ಕ್ಷಣ ಕೂಡ ಕಂಪ್ಯೂಟರಿನ ಕೈಯಲ್ಲೇ ಇತ್ತು. 5.0ರ ಡಿಸ್ಟ್ರಿಬ್ಯೂಟರಿನಲ್ಲಿ ಅಡ್ವಾನ್ಸ್ ವ್ಯವಸ್ಥೆಯೇ (ಕಿಡಿಯನ್ನು ಮುಂಚಿತವಾಗಿ ತರುವುದು) ಇಲ್ಲ, ಅದರ ಆಯಿಲ್ ಪಂಪ್ ಶಾಫ್ಟ್ ಕಾಲಿಂಚು, 351ರದ್ದು 5/16. ವ್ಯಾಕ್ಯೂಮ್ ಅಡ್ವಾನ್ಸ್ ಇರುವ 351 ಡಿಸ್ಟ್ರಿಬ್ಯೂಟರ್, ಅದರ ಇಗ್ನಿಷನ್ ಬಾಕ್ಸ್ ತನ್ನಿ. ರೋಲರ್ ಕ್ಯಾಮ್ ಇದ್ದರೆ ಸ್ಟೀಲ್ ಗೇರ್, ಹಳೆಯ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಇದ್ದರೆ ಎರಕದ ಕಬ್ಬಿಣದ ಗೇರ್. ಡಿಸ್ಟ್ರಿಬ್ಯೂಟರ್ ಇಳಿಸುವ ಮುಂಚೆ ಆ ತೂತಿನಲ್ಲೇ, ಪಂಪ್ ಶಾಫ್ಟ್ ಮೇಲೆ ಕೂರುವ 5/16 ಸಾಕೆಟ್ ಇರುವ ಉದ್ದ ಕಡ್ಡಿ ಇಳಿಸಿ, ಡ್ರಿಲ್ಲನ್ನು ಎಡಕ್ಕೆ ತಿರುಗಿಸಿ, ಆಯಿಲ್ ರಾಕರ್‌ಗಳವರೆಗೆ ಬರಿಸಿಕೊಳ್ಳಿ.

ಕಾರ್ಬೊರೇಟರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು. 351ನ್ನು 6000 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ 609 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ಬೀದಿ ಎಂಜಿನ್ ಶೇಕಡ 85ರಷ್ಟೇ ಗಾಳಿ ತುಂಬಿಕೊಳ್ಳುತ್ತದೆ ಎಂದರೆ 518. ಹಿಂದಿನ ಎರಡು ಬಾಯಿ ವ್ಯಾಕ್ಯೂಮ್‌ನಿಂದ ತೆರೆಯುವ, ಅಂದರೆ ವ್ಯಾಕ್ಯೂಮ್ ಸೆಕೆಂಡರಿಯ 600 ಧಾರಾಳವಾಯಿತು. ಎಲೆಕ್ಟ್ರಿಕ್ ಚೋಕ್‌ಗೆ ಕೀ ಆನ್ ಆದಾಗ ಪೂರ್ತಿ 12 ವೋಲ್ಟ್ ಬರುವ ವೈರ್ ಕೊಡಿ, ಕಾಯಿಲ್ ವೈರಿನಿಂದ ಕದಿಯಬೇಡಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಒಡಿ ಇದ್ದರೆ ಥ್ರಾಟಲ್‌ಗೆ ಕಟ್ಟುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್‌ನ ಎಳೆತ ಸರಿಯಾಗಿರಲೇಬೇಕು. ಅದರ ಮೇಲೇ ಗೇರ್‌ಬಾಕ್ಸಿನೊಳಗಿನ ಒತ್ತಡ ನಿಂತಿದೆ. ಸಡಿಲವಿದ್ದರೆ ಕೆಲವೇ ಮೈಲಿಗಳಲ್ಲಿ ಕ್ಲಚ್‌ಗಳು ಸುಡುತ್ತವೆ. ಕಾರ್ಬೊರೇಟರ್ ಲಿವರಿಗೆ ತಕ್ಕ ಕರೆಕ್ಟರ್ ತುಂಡು ಸಿಗುವವರೆಗೆ ಗಾಡಿ ಓಡಿಸಬೇಡಿ.

ಸ್ಟಾರ್ಟ್ ಆದ ಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ 10ರಿಂದ 14 ಡಿಗ್ರಿ, 3000 ಆರ್‌ಪಿಎಂನಲ್ಲಿ ಒಟ್ಟು 34ರಿಂದ 36 ಡಿಗ್ರಿ ಇಡಿ. ಮಿಕ್ಸ್ಚರ್ ಸ್ಕ್ರೂಗಳನ್ನು ಒಂದೂವರೆ ಸುತ್ತು ಬಿಚ್ಚಿದ ಸ್ಥಿತಿಯಿಂದ ಶುರುಮಾಡಿ, ಗೇಜಿನಲ್ಲಿ ವ್ಯಾಕ್ಯೂಮ್ ಅತಿ ಹೆಚ್ಚು ಬರುವಲ್ಲಿ ನಿಲ್ಲಿಸಿ. ಸ್ಕ್ರೂ ತಿರುಗಿಸಿದರೂ ಎಂಜಿನ್ ಕೇಳದಿದ್ದರೆ ಥ್ರಾಟಲ್ ತಟ್ಟೆ ಅತಿಯಾಗಿ ತೆರೆದಿದೆ ಎಂದರ್ಥ: ಟೈಮಿಂಗ್ ಸ್ವಲ್ಪ ಮುಂದಕ್ಕೆ ತಂದು, ಐಡಲ್ ಸ್ಕ್ರೂ ಇಳಿಸಿ, ಮತ್ತೆ ಮೊದಲಿನಿಂದ ನೋಡಿ.