ಲಾಲ್‌ಬಾಗಿನ ಬಂಡೆ, ನಮ್ಮ ಚಾರ್ಟ್ ಶೀಟ್

ನಿನ್ನೆ ರಾತ್ರಿಯೆಲ್ಲ ಹಾಲ್‌ನಲ್ಲಿ ಚಾರ್ಟ್ ಶೀಟ್ ಹರಡಿಕೊಂಡು ಕೂತಿದ್ದೆ. ಮಕ್ಕಳು ಲಾಲ್‌ಬಾಗಿನಲ್ಲಿ ಓಡಾಡುತ್ತಾ ಮೊಬೈಲ್‌ನಲ್ಲಿ ಆಡುವ ಒಂದು ಕಲಿಕೆಯ ಆಟ ಮಾಡುತ್ತಿದ್ದೇವೆ. ಆಯಾ ಜಾಗಕ್ಕೆ ಹೋದರೆ ಮಾತ್ರ ಅಲ್ಲಿನ ಪ್ರಶ್ನೆ ತೆರೆಯುತ್ತದೆ.

ಭಾನುವಾರ ಆರು ಮಕ್ಕಳ ಹಿಂದೆ ಸುಮ್ನೆ ನಡೆದೆ. ಎಲ್ಲಿ ನಿಂತರು, ಏನಂದರು, ಎಲ್ಲಿ ಬೇಜಾರಾಯಿತು, ಎಲ್ಲ ಬರೆದುಕೊಂಡೆ. ಅದೇ ಈಗ ಚಾರ್ಟಿನ ಮೇಲೆ ಅನುಭವದ ನಕ್ಷೆ: ಮೇಲೆ ಜಾಗ, ಕೆಳಗೆ ಮಕ್ಕಳ ಮಾತು, ತಳದಲ್ಲಿ ಅವರ ಉತ್ಸಾಹದ ಗೆರೆ.

ಗಾಜಿನ ಮನೆ ಹತ್ತಿರ ಆ ಗೆರೆ ಪೂರ್ತಿ ಕುಸಿದಿದೆ. ಅಡಿಗಲ್ಲು ಹಾಕಿದ ಇಸವಿ ಕೇಳಿದ್ದೆವು. 1889 ಅಂತ ಒತ್ತಿ ಮುಂದೆ ಹೋದರು. ಯಾರೂ ತಲೆ ಎತ್ತಿ ಕಟ್ಟಡ ನೋಡಲೇ ಇಲ್ಲ. ಬೇಸರವಾಯಿತು. ದಟ್ಟ ಮರಗಳ ಕೆಳಗೆ ಜಿಪಿಎಸ್ ಚುಕ್ಕೆ ಅತ್ತಿತ್ತ ಜಿಗಿಯಿತು. "ಆಂಟೀ, ನಾನು ಇಲ್ಲೇ ಇದೀನಲ್ಲಾ!" ಅಂತ ಒಬ್ಬಳು ರೇಗಿದಳು.

ಕೆಂಪೇಗೌಡ ಗೋಪುರದ ಬಂಡೆ ಮೇಲೆ ಮಾತ್ರ ಗೆರೆ ಮೇಲಕ್ಕೆ ಹಾರಿದೆ. ಅಲ್ಲಿ ನಾವು ಪ್ರಶ್ನೆಯನ್ನೇ ಇಟ್ಟಿರಲಿಲ್ಲ! ಒಬ್ಬ ಹುಡುಗ ಮಂಡಿಯೂರಿ ಕೂತು, ಕಲ್ಲಿನಲ್ಲಿದ್ದ ಬಿಳಿ ಪಟ್ಟೆಯ ಮೇಲೆ ಬೆರಳಿಟ್ಟು ಅದು ಮುಗಿಯುವವರೆಗೂ ತೆವಳಿಕೊಂಡು ಹೋದ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂದೆ. ಬೆರಳು ತೆಗೆದು, ಅಂಗೈ ಪೂರ್ತಿ ಇಟ್ಟ. ಎಷ್ಟೋ ಹೊತ್ತು ಮಾತಾಡಲಿಲ್ಲ. ಇಂಥದ್ದು ಕಂಪ್ಯೂಟರ್ ಮುಂದೆ ಕೂತರೆ ಹೊಳೆಯುವುದಿಲ್ಲ, ಅಲ್ವಾ?

ಇಸವಿಯ ಪ್ರಶ್ನೆ ತೆಗೆದುಹಾಕಿದೆ. ಆಟ ಈಗ ಬಂಡೆಯಿಂದಲೇ ಶುರು, ಮೊಬೈಲ್ ಜೇಬಿನಲ್ಲಿಟ್ಟು, ಒಂದು ಪಟ್ಟೆಯ ಹಿಂದೆ. ಬಿಸಿಲಿಗೆ ಕಲ್ಲು ಜಾಸ್ತಿ ಕಾಯುತ್ತದೆ, ಹಾಗಾಗಿ ಮುಂದಿನ ಭಾನುವಾರ ಬೆಳಿಗ್ಗೆ 7ಕ್ಕೇ ಹೋಗುತ್ತೇವೆ.