ಯಾವ ಕಂಪನಿದು ತಗೊಂಡ್ರೆ ಕೈ ಕೊಡಲ್ಲ?

ಹೊಸ ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಇದು. ಯಾವ ಪ್ರೊಸೆಸರ್ ಬೇಕು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿದು ಇರಬೇಕು ಅನ್ನೋದನ್ನೆಲ್ಲ ಅವರೇ ಓದಿಕೊಂಡು ಬಂದಿರುತ್ತಾರೆ. ಉಳಿದಿರೋದು ಭಯ ಒಂದೇ. ಇಷ್ಟು ದುಡ್ಡು ಹಾಕಿ ತಂದದ್ದು ವರ್ಷ ತುಂಬೋ ಮೊದಲೇ ಮಲಗಿಬಿಟ್ಟರೆ?

ನಾನು ಕಂಪನಿ ಹೆಸರು ಹೇಳುವುದಿಲ್ಲ. ಮಾಡೆಲ್ ಹೇಳಿ, ಆಮೇಲೆ ಮಾತಾಡೋಣ ಅನ್ನುತ್ತೇನೆ. ಕೆಲವರಿಗೆ ಇದು ಜಾರಿಕೊಳ್ಳುವ ಉತ್ತರದ ಹಾಗೆ ಕೇಳಿಸುತ್ತದೆ. ಹಾಗಲ್ಲ. ಉದಾಹರಣೆಗೆ ಹಾರ್ಡ್ ಡಿಸ್ಕನ್ನೇ ನೋಡಿ. ಬ್ಯಾಕ್‌ಬ್ಲೇಜ್ ಅನ್ನೋ ಆನ್‌ಲೈನ್ ಬ್ಯಾಕಪ್ ಕಂಪನಿ, ತನ್ನಲ್ಲಿ ಓಡುವ ಸಾವಿರಾರು ಡಿಸ್ಕ್‌ಗಳಲ್ಲಿ ಯಾವುದು ಎಷ್ಟು ಕೆಟ್ಟಿತು ಅನ್ನೋ ಲೆಕ್ಕವನ್ನು 2013ರಿಂದ ಎಲ್ಲರ ಮುಂದೆ ಇಡುತ್ತಾ ಬಂದಿದೆ. ಆ ಲೆಕ್ಕದಲ್ಲಿ ಸೀಗೇಟ್‌ನ ಒಂದು 3 ಟಿಬಿ ಮಾಡೆಲ್ ಕುಖ್ಯಾತ. ಒಂದರ ಹಿಂದೆ ಒಂದು ಕೆಟ್ಟವು. ಅದೇ ಸೀಗೇಟ್‌ನ 4 ಟಿಬಿ ಮಾಡೆಲ್ ಅದಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಬಾಳಿತು. ಈಗ ಹೇಳಿ, ಸೀಗೇಟ್ ಒಳ್ಳೇದಾ ಕೆಟ್ಟದ್ದಾ? ಪ್ರಶ್ನೆಯೇ ಸರಿಯಿಲ್ಲ, ಅಲ್ವಾ?

ಕೊಳ್ಳಬೇಕಾದ ಭಾಗಗಳದ್ದು ಅಂತ ನನಗೆ ಬರುವ ಪಟ್ಟಿಗಳಲ್ಲಿ ಇನ್ನೊಂದು ತಮಾಷೆ ಇರುತ್ತದೆ. ಪ್ರೊಸೆಸರ್ ಹೆಸರನ್ನು ಕೊನೇ ಅಕ್ಷರದ ತನಕ ಬರೆದಿರುತ್ತಾರೆ. ಗ್ರಾಫಿಕ್ಸ್ ಕಾರ್ಡಿಗೆ ಮೂರು ಫ್ಯಾನೋ ಎರಡೋ ಅನ್ನೋದೂ ಇರುತ್ತದೆ. ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಎದುರಿಗೆ ಮಾತ್ರ ಬರೀ '650 ವ್ಯಾಟ್'. ದುಡ್ಡು ಉಳಿಸೋ ಪ್ರಶ್ನೆ ಬಂದಾಗಲೂ ಮೊದಲು ಕತ್ತರಿ ಬೀಳೋದು ಅಲ್ಲೇ. ನಾನು ಮೊದಲು ಕೇಳೋದೂ ಅದನ್ನೇ. ರ‍್ಯಾಮ್ ಕೆಟ್ಟರೆ ರ‍್ಯಾಮ್ ಅಷ್ಟೇ ಹೋಗುತ್ತದೆ. ಕಳಪೆ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಯಾವುದನ್ನು ಬೇಕಾದರೂ ಜೊತೆಗೆ ಕರೆದುಕೊಂಡು ಹೋಗಬಹುದು.

ಎಸ್‌ಎಂಪಿಎಸ್ ವಿಷಯದಲ್ಲಿ ಕಂಪನಿ ಹೆಸರು ಇನ್ನೂ ಕಡಿಮೆ ಹೇಳುತ್ತದೆ. ಬಟ್ಟೆಯ ಹಾಗೆ, ಹೊಲಿದವರು ಒಬ್ಬರು, ಲೇಬಲ್ ಇನ್ನೊಬ್ಬರದು. ಕೋರ್ಸೇರ್ ಹೆಸರಲ್ಲಿ ಬರುವ ಎಷ್ಟೋ ಯೂನಿಟ್‌ಗಳನ್ನು ಮಾಡೋದು ಸಿಡಬ್ಲ್ಯೂಟಿ ಅನ್ನೋ ಕಂಪನಿ. ಇವಿಜಿಎ ಹೆಸರು ಮಾಡಿದ ಜಿ2 ಸರಣಿಯನ್ನು ಮಾಡಿದ್ದು ಸೂಪರ್ ಫ್ಲವರ್ ಅನ್ನೋ ಇನ್ನೊಂದು ಕಂಪನಿ. ಸೀಸಾನಿಕ್ ತನಗೂ ಮಾಡಿಕೊಳ್ಳುತ್ತದೆ, ಬೇರೆಯವರಿಗೂ ಮಾಡಿಕೊಡುತ್ತದೆ. ಹಾಗಾಗಿ ಒಂದೇ ಬ್ರ್ಯಾಂಡ್‌ನ ಒಂದು ಸರಣಿ ಕಣ್ಣು ಮುಚ್ಚಿ ತಗೋಬಹುದಾದಷ್ಟು ಚೆನ್ನಾಗಿರುತ್ತದೆ, ಇನ್ನೊಂದು ಹಾಗೂ ಹೀಗೂ ನಡೆಯುತ್ತೆ ಅನ್ನುವಂತಿರುತ್ತದೆ.

ಎಸ್‌ಎಂಪಿಎಸ್ ಪಕ್ಕದಲ್ಲಿ ಅಂಟಿಸಿರುವ ವೋಲ್ಟ್-ಆಂಪಿಯರ್ ಪಟ್ಟಿಯನ್ನು ಓದೋದು ಕಲಿತರೆ ಅರ್ಧ ಕೆಲಸ ಆದಂತೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 500 ಅಂತ ಇದೆ ಅಂದುಕೊಳ್ಳಿ. ಮೊದಲನೇದಾಗಿ, ಅದರ ಮುಂದೆ ವ್ಯಾಟ್ ಅಂತ ಇದೆಯಾ ನೋಡಿ. ಅಗ್ಗದವುಗಳಲ್ಲಿ ಕೆಲವೊಮ್ಮೆ ಅದು ಬರೀ ಮಾಡೆಲ್ ನಂಬರ್! ಆಮೇಲೆ ಪಟ್ಟಿಯಲ್ಲಿ +12 ವೋಲ್ಟ್ ಅನ್ನೋ ಕಾಲಂ ಹುಡುಕಿ. ಅಲ್ಲಿ 25 ಆಂಪಿಯರ್ ಅಂತ ಇದ್ದರೆ 12ರಿಂದ ಗುಣಿಸಿ. 300 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯೋದು ಈ 12 ವೋಲ್ಟ್ ಲೈನಿನಿಂದಲೇ. ಮಿಕ್ಕ 200 ವ್ಯಾಟ್ 5 ವೋಲ್ಟ್, 3.3 ವೋಲ್ಟ್ ಲೈನುಗಳಲ್ಲಿ ಸುಮ್ನೆ ಕೂತಿರುತ್ತದೆ, ನಿಮ್ಮ ಉಪಯೋಗಕ್ಕೆ ಬರಲ್ಲ. ಸರಿಯಾದ 650 ವ್ಯಾಟ್ ಯೂನಿಟ್‌ನಲ್ಲಿ ಆ ಕಾಲಂನಲ್ಲಿ 54 ಆಂಪಿಯರ್ ಆಸುಪಾಸು ಇರುತ್ತದೆ. ಗುಣಿಸಿದರೆ 648. ಹೇಳಿದ್ದಕ್ಕೂ ಕೊಡೋದಕ್ಕೂ ತಾಳೆ ಆಗುತ್ತದೆ.

"ಗೋಲ್ಡ್ ಇದೆಯಲ್ಲ, ಸಾಕಲ್ವಾ?" ಅಂತ ತಕ್ಷಣ ಕೇಳುತ್ತಾರೆ. ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಗೋಲ್ಡ್, ಬ್ರಾಂಝ್ ಸ್ಟಿಕ್ಕರ್‌ಗಳೆಲ್ಲ ಅಳೆಯೋದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋದನ್ನು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಬ್ರಾಂಝ್ 85%, ಗೋಲ್ಡ್ 90% ದಕ್ಷತೆ ತೋರಿಸಬೇಕು. ಅದೂ 23 ಡಿಗ್ರಿ ತಂಪಿನಲ್ಲಿ. ಎಷ್ಟು ವರ್ಷ ಬಾಳುತ್ತದೆ, ಶಾರ್ಟ್ ಆದಾಗ ತಾನಾಗಿ ಆಫ್ ಆಗುತ್ತದಾ ಅನ್ನೋದಕ್ಕೂ ಆ ಸ್ಟಿಕ್ಕರ್‌ಗೂ ಸಂಬಂಧ ಇಲ್ಲ. ಗೋಲ್ಡ್ ಮಟ್ಟ ಮುಟ್ಟಬೇಕಾದರೆ ತೀರಾ ಕಳಪೆ ಸಾಮಾನು ಹಾಕಿ ಆಗುವುದಿಲ್ಲ, ಅಷ್ಟರ ಮಟ್ಟಿಗೆ ಅದೊಂದು ಸುಳಿವು.

ನಾನು ನೋಡೋದು ಬೇರೆ ಸಂಗತಿಗಳನ್ನು. ಯೂನಿಟ್ ಬಿಚ್ಚಿ, ಪೂರ್ತಿ ಲೋಡ್ ಹಾಕಿ ಅಳೆದವರ ವಿಮರ್ಶೆ ಇದೆಯಾ? 12 ವೋಲ್ಟ್ ಲೈನಿನ ಏರಿಳಿತ 120 ಮಿಲಿವೋಲ್ಟ್ ದಾಟಬಾರದು ಅಂತ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮ ಹೇಳುತ್ತದೆ, ಒಳ್ಳೇವು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಒಳಗಿನ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಹದಮಾಡುವ ಬಿಡಿಭಾಗ) 105 ಡಿಗ್ರಿ ಬಿಸಿ ತಡೆಯೋದಾ, 85 ಡಿಗ್ರಿದಾ? ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಬಿಸಿ 10 ಡಿಗ್ರಿ ಕಡಿಮೆಯಾದರೆ ಆಯುಸ್ಸು ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತದೆ. 2000ದ ಆಸುಪಾಸಿನ ಮದರ್‌ಬೋರ್ಡ್‌ಗಳಲ್ಲಿ ತಲೆ ಉಬ್ಬಿ ಒಡೆದ ಕೆಪಾಸಿಟರ್ ಕಂಡವರಿಗೆ ಈ ವಿವರ ಯಾಕೆ ಮುಖ್ಯ ಅಂತ ಹೇಳಬೇಕಿಲ್ಲ. ಕೊನೆಗೆ ವಾರಂಟಿ. ಹತ್ತು ವರ್ಷ ಕೊಡುವವನು ತನ್ನ ದುಡ್ಡನ್ನೂ ಪಣಕ್ಕಿಟ್ಟಿರುತ್ತಾನೆ.

ಇಲ್ಲೇ ಒಂದು ಎಚ್ಚರಿಕೆ. ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ತೆಗೆಯಬಹುದಾದ ಎಸ್‌ಎಂಪಿಎಸ್ ಬದಲಾಯಿಸುವಾಗ ಹಳೇ ಕೇಬಲ್ ಹಾಗೇ ಬಿಟ್ಟು ಹೊಸ ಯೂನಿಟ್‌ಗೆ ಚುಚ್ಚಬೇಡಿ. ಡಿಸ್ಕ್ ಕಡೆಯ ತುದಿಗೆ ಮಾತ್ರ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಅನ್ನೋದು ಒಬ್ಬೊಬ್ಬರದು ಒಂದೊಂದು ಥರ. ಕನೆಕ್ಟರ್ ಸರಿಯಾಗಿ ಕೂರುತ್ತದೆ, ಆನ್ ಮಾಡಿದ ಕ್ಷಣಕ್ಕೆ ಡಿಸ್ಕ್ ಹೋಗುತ್ತದೆ.

ಪ್ರೊಸೆಸರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಾಮಾನ್ಯವಾಗಿ ಅದು ಕೆಡೋದೇ ಅಪರೂಪ. ಆದರೂ 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಲ್ಲಿ ಹಲವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದು ಹಾಳಾದವು. ಇಂಟೆಲ್ ಮೈಕ್ರೊಕೋಡ್, ಅಂದರೆ ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅದಕ್ಕೂ ಹಿಂದಿನ ವರ್ಷ ಎಎಂಡಿಯ ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಕೆಲವು ಬೋರ್ಡ್‌ಗಳಲ್ಲಿ ಸುಟ್ಟುಹೋಗಿದ್ದವು. ಅಲ್ಲೂ ಪರಿಹಾರ ಬಂದದ್ದು ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ರೂಪದಲ್ಲೇ. ಹೊಸ ಮೆಷಿನ್‌ಗೆ ವಿಂಡೋಸ್ ಹಾಕುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಮದರ್‌ಬೋರ್ಡ್‌ನಲ್ಲಿ ಬಣ್ಣದ ಲೈಟಿಗೆ ಕೊಡುವ ದುಡ್ಡನ್ನು ವಿಆರ್‌ಎಂಗೆ ಕೊಡಿ. ಪ್ರೊಸೆಸರ್‌ಗೆ ಕರೆಂಟ್ ಹದಮಾಡಿ ಕೊಡುವ ಭಾಗ ಅದು. ಅದರ ಮೇಲೆ ಹೀಟ್‌ಸಿಂಕೇ ಇಲ್ಲದ ಬೋರ್ಡಿಗೆ ಹಸಿವು ಜಾಸ್ತಿ ಇರುವ ಪ್ರೊಸೆಸರ್ ಕೂರಿಸಬೇಡಿ.

ರ‍್ಯಾಮ್‌ಗೆ ಹೆಚ್ಚಿನ ಕಂಪನಿಗಳು ಲೈಫ್‌ಟೈಮ್ ವಾರಂಟಿ ಕೊಡುತ್ತವೆ, ಹಾಗಾಗಿ ಅಲ್ಲಿ ಚಿಂತೆ ಬೇರೆ. ಡಬ್ಬದ ಮೇಲಿನ 6000 ಅನ್ನೋ ವೇಗ ಸಿಗೋದು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನೋ ಸೆಟ್ಟಿಂಗ್ ಆನ್ ಮಾಡಿದಾಗ. ಅಂದರೆ ಓವರ್‌ಕ್ಲಾಕ್, ಮಾಮೂಲಿ ವೇಗಕ್ಕಿಂತ ಜೋರಾಗಿ ಓಡಿಸೋದು. ಹಾಗಾಗಿ ಮದರ್‌ಬೋರ್ಡ್ ಕಂಪನಿ ಪರೀಕ್ಷಿಸಿದ ಪಟ್ಟಿಯಲ್ಲಿ ನಿಮ್ಮ ಕಿಟ್‌ನ ಪೂರ್ತಿ ನಂಬರ್ ಇದೆಯಾ ನೋಡಿ. ಎರಡು ಕಡ್ಡಿಯ ಒಂದೇ ಕಿಟ್ ತಗೊಳ್ಳಿ. ಇವತ್ತೊಂದು, ಆರು ತಿಂಗಳ ಮೇಲೆ ಇನ್ನೊಂದು ತಂದು ಜೋಡಿಸಿದರೆ ಎರಡೂ ಹೊಂದಿಕೊಳ್ಳುತ್ತವೆ ಅನ್ನೋ ಗ್ಯಾರಂಟಿ ಇಲ್ಲ.

ಎಸ್‌ಎಸ್‌ಡಿ ಕೊಳ್ಳುವವರು ಟಿಬಿಡಬ್ಲ್ಯೂ, ಅಂದರೆ ಒಟ್ಟು ಎಷ್ಟು ಟಿಬಿ ಬರೆಯಬಹುದು ಅನ್ನೋ ಅಂಕಿ ನೋಡಿ ಹೆದರುತ್ತಾರೆ. 1 ಟಿಬಿಯ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಚಿಪ್) ಡ್ರೈವ್‌ಗೆ ಸಾಮಾನ್ಯವಾಗಿ 600 ಟಿಬಿ ಬರೆಯುವ ಮಿತಿ ಇರುತ್ತದೆ. ದಿನಕ್ಕೆ 50 ಜಿಬಿ ಬರೆದರೂ ಅದು ಮುಗಿಯೋಕೆ 32 ವರ್ಷ ದಾಟಬೇಕು. ಎಸ್‌ಎಸ್‌ಡಿ ಸವೆದು ಸಾಯೋದಕ್ಕಿಂತ ಅದನ್ನು ನಡೆಸುವ ಕಂಟ್ರೋಲರ್ ಚಿಪ್ ಕೈ ಕೊಟ್ಟು ದಿಢೀರ್ ಅಂತ ಸಾಯೋದೇ ಭಯ. ಅದಕ್ಕೆ ಬ್ಯಾಕಪ್ ಬಿಟ್ಟು ಮದ್ದಿಲ್ಲ. ಮತ್ತೊಂದು ಕಿರಿಕಿರಿ ಇದೆ. 2021ರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಮಾಡೆಲ್ ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಾಯಿಸಿದ್ದು ಬೆಳಕಿಗೆ ಬಂತು. ಟಿಎಲ್‌ಸಿ ಇದ್ದ ಜಾಗಕ್ಕೆ ಅಗ್ಗದ, ಬೇಗ ಸವೆಯುವ ಕ್ಯೂಎಲ್‌ಸಿ ಬಂದ ಉದಾಹರಣೆಯೂ ಇದೆ. ಮಾಡೆಲ್ ನೋಡಿ ಅಂತ ಹೇಳುವ ನನ್ನ ಮಾತಿಗೇ ಇದು ಪೆಟ್ಟು. ಹೊಸ ವಿಮರ್ಶೆ ಓದಿ ಅನ್ನೋದಷ್ಟೇ ಉಳಿದ ದಾರಿ.

ಆಯ್ಕೆ ಎಷ್ಟೇ ಸರಿಯಿದ್ದರೂ ಯಾವ ಮಾಡೆಲ್‌ನಲ್ಲೂ ಒಂದೆರಡು ಪೀಸ್ ಕೆಟ್ಟದ್ದೇ ಬರುತ್ತವೆ. ಅಂಥವು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಮುಖ ತೋರಿಸುತ್ತವೆ. ಹಾಗಾಗಿ ವಾಪಸ್ ಕೊಡುವ ಅವಧಿ ಮುಗಿಯೋ ಮೊದಲೇ ಮೆಷಿನನ್ನು ಚೆನ್ನಾಗಿ ದುಡಿಸಿ. ರಾತ್ರಿ ಮಲಗುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಲು ಬಿಡಿ. ಬೆಳಗ್ಗೆ ಪರದೆ ಮೇಲೆ ಒಂದೇ ಒಂದು ಎರರ್ ಇದ್ದರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಬಂದರೆ ಕಿಟ್ ವಾಪಸ್ ಮಾಡಿ. 'ಒಂದೇ ತಾನೇ' ಅಂತ ಬಿಟ್ಟರೆ, ಒಂದು ದಿನ ಫೈಲ್ ಹಾಳಾದಾಗ ಯಾಕೆ ಅಂತಲೇ ಗೊತ್ತಾಗಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಬರುವ ಮುಂದಿನ ಪ್ರಶ್ನೆ: "ಸೆಕೆಂಡ್ ಹ್ಯಾಂಡ್ ತಗೋಬಹುದಾ?" ಪ್ರೊಸೆಸರ್ ಆರಾಮಾಗಿ ತಗೊಳ್ಳಿ, ಮೇಲೆ ಹೇಳಿದ ಇಂಟೆಲ್ ಪೀಳಿಗೆಗಳನ್ನು ಬಿಟ್ಟು. ರ‍್ಯಾಮ್ ಟೆಸ್ಟ್ ಮಾಡಿ ತಗೊಳ್ಳಿ. ಕ್ಯಾಬಿನೆಟ್ಟನ್ನು ಯೋಚನೆಯೇ ಮಾಡದೆ ತಗೊಳ್ಳಿ. ಹಾರ್ಡ್ ಡಿಸ್ಕ್ ಬೇಡ. ಎಸ್‌ಎಂಪಿಎಸ್ ಅಂತೂ ಪುಕ್ಕಟೆ ಕೊಟ್ಟರೂ ಬೇಡ, ಅದರ ವಾರಂಟಿ ಇನ್ನೂ ಉಳಿದಿದ್ದು ಬಿಲ್ಲೂ ಕೇಬಲ್‌ಗಳೂ ಜೊತೆಗೆ ಸಿಕ್ಕಿದರೆ ಮಾತ್ರ ನೋಡೋಣ.